ಎಡಗೈ ಸುತ್ತು

ಹಳೆಯ ರೇಡಿಯೊ ಬಿಚ್ಚುವ ಗಂಡಸರಲ್ಲಿ ಒಂದು ಪದ್ಧತಿ ಇದೆ. ಹಿಂಬದಿಯ ನಾಲ್ಕು ಸ್ಕ್ರೂ ತೆಗೆಯುವುದು, ಒಳಗೆ ಟಾರ್ಚ್ ಬಿಡುವುದು, ಲೊಚಗುಟ್ಟುವುದು. ಆಮೇಲೆ ಪಕ್ಕದಲ್ಲಿ ನಿಂತವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, "ನನಗಿಂತ ಮುಂಚೆ ಇದಕ್ಕೆ ಕೈ ಹಾಕಿದ ಕತ್ತೆ ಯಾರು?" ಎಂದು ಕೇಳುವುದು. ಅಂಥ ಕತ್ತೆಯೊಂದು ಕೈ ಹಾಕಿರದ ರೇಡಿಯೊವನ್ನು ನಾನಂತೂ ಈವರೆಗೆ ಕಂಡಿಲ್ಲ. ಮುಂಚೆ ಮುಟ್ಟಿದವನು ಕತ್ತೆಯಾಗಿದ್ದರೆ ತಾನೇ ಈಗ ಮುಟ್ಟುವವನು ಕುದುರೆಯಾಗುವುದು!

ನನ್ನ ಭಾವ, ಅಂದರೆ ಅಕ್ಕನ ಗಂಡ, ಇಂಥ ಕುದುರೆಗಳಲ್ಲಿ ಒಬ್ಬರು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೆರಡು ವರ್ಷ ಫೈಲಿಗೆ ದಾರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಒಂದು ಸಾಲ್ಡರಿಂಗ್ ಐರನ್ ಕೊಂಡರು, ಹಣೆಗೆ ಕಟ್ಟಿಕೊಳ್ಳುವ ದೀಪ ಕೊಂಡರು, ಹನ್ನೊಂದು ಜೇಬಿರುವ ಒಂದು ಅಂಗಿ ಹೊಲಿಸಿಕೊಂಡರು. ಹನ್ನೊಂದು ಜೇಬಿನಲ್ಲಿ ಏನಿದೆ ಎಂದು ಕೇಳಬೇಡಿ. ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಅದರ ಡಬ್ಬಿ. ಮಿಕ್ಕ ಒಂಬತ್ತೂ ಗಾಂಭೀರ್ಯಕ್ಕೆ.

ನನ್ನದು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿ ಯಾವುದನ್ನೇ ತನ್ನಿ, ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಮುಂಚೆ ಅಪ್ಪ ಮಾಡುತ್ತಿದ್ದರು, ಈಗ ನಾನು. ನಾನು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವಳಲ್ಲ. ಕಲಿತದ್ದೆಲ್ಲ ಅಪ್ಪನ ಬೆನ್ನ ಹಿಂದೆ ನಿಂತು ಕಲಿತದ್ದು, ಮಿಕ್ಕಿದ್ದು ಕೈ ಸುಟ್ಟುಕೊಂಡು ಕಲಿತದ್ದು.

ಭಾವನ ಮನೆಯ ದೊಡ್ಡ ರೇಡಿಯೊದ ಹೊಟ್ಟೆಯೊಳಗೆ ಒಂದು ಆಂಪ್ಲಿಫೈಯರ್ ಇದೆ. ರೇಡಿಯೊ ಗಾಳಿಯಿಂದ ಹಿಡಿದು ತಂದ ಇರುವೆಯಷ್ಟು ಸದ್ದನ್ನು ಆನೆಯಷ್ಟು ಮಾಡುವ ತಗಡಿನ ಪೆಟ್ಟಿಗೆ. ಅದರ ಮೇಲೆ ಗಾಜಿನ ವಾಲ್ವುಗಳು, ಅವುಗಳ ಪಕ್ಕದಲ್ಲಿ ಇಟ್ಟಿಗೆಯ ತುಂಡಿನಂಥ ಒಂದು ಟ್ರಾನ್ಸ್‌ಫಾರ್ಮರ್. ವಾಲ್ವು ಕೊಟ್ಟದ್ದನ್ನು ಸ್ಪೀಕರಿಗೆ ಒಗ್ಗುವ ಹಾಗೆ ಇಳಿಸಿ ಕೊಡುವುದು ಅದರ ಕೆಲಸ. ಆ ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ನಾನು. ಈ ಮಾತನ್ನು ನಾಲ್ಕು ಜನರ ಎದುರು, ಒಂದೇ ಒಂದು ಸಲ, ಯಾರಾದರೂ ಹೇಳಬೇಕು ಎಂದು ಮೂವತ್ತೊಂದು ವರ್ಷದಿಂದ ನನಗೊಂದು ಆಸೆ. ನಾನೇ ಹೇಳಿಕೊಂಡರೆ ಅದು ಬಡಾಯಿ. ಬಡಾಯಿಯ ಗುತ್ತಿಗೆ ಭಾವನದು, ನಾನು ಅದಕ್ಕೆ ಕೈ ಹಾಕುವವಳಲ್ಲ.

ಆಗ ಅಕ್ಕನ ಮದುವೆಯಾದ ಹೊಸತು. ಭಾವನ ತಂದೆಯವರು ಪ್ರಾಣದಂತೆ ಇಟ್ಟುಕೊಂಡಿದ್ದ ಆ ರೇಡಿಯೊ ಒಂದು ದಿನ ಬಾಯಿ ಮುಚ್ಚಿತು. ಹೊಸ ಅಳಿಯಂದಿರು ಆಂಪ್ಲಿಫೈಯರನ್ನು ಬಿಚ್ಚಿ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ನಮ್ಮ ಅಂಗಡಿಗೆ ತಂದರು. ಟ್ರಾನ್ಸ್‌ಫಾರ್ಮರಿನೊಳಗಿನ ಸಣ್ಣ ತಂತಿ ತುಂಡಾಗಿತ್ತು. ಸಣ್ಣ ತಂತಿ ಎಂದರೆ ತಲೆಗೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅಪ್ಪನ ಕೈ ಆಗಲೇ ನಡುಗುತ್ತಿತ್ತು.

"ನೀನು ಸುತ್ತು," ಎಂದರು ಅಪ್ಪ.

"ನಾನಾ? ಇಷ್ಟು ಸಣ್ಣದು ನಾನು ಯಾವತ್ತೂ ಸುತ್ತಿಲ್ಲ ಅಪ್ಪ."

"ಇವತ್ತು ಸುತ್ತಿದ್ರೆ ನಾಳೆ ಹಾಗೆ ಹೇಳಕ್ಕಾಗಲ್ಲ ನೋಡು."

ನಾನು ಎಡಚಿ. ಸುತ್ತುವ ಯಂತ್ರದ ಹಿಡಿ ಬಲಗಡೆಗಿತ್ತು. ಬಲಗೈಯಲ್ಲಿ ತಿರುಗಿಸಿದರೆ ತಂತಿ ಒಂದೋ ಜಗ್ಗುತ್ತಿತ್ತು, ಒಂದೋ ಸಡಿಲವಾಗುತ್ತಿತ್ತು. ಯಂತ್ರವನ್ನೇ ಎತ್ತಿ ತಿರುಗಿಸಿಟ್ಟುಕೊಂಡೆ. ಹಿಡಿ ನನ್ನ ಎಡಗಡೆಗೆ ಬಂತು, ಕೈಗೆ ಸಮಾಧಾನವೂ ಬಂತು. ಎರಡು ಸಾವಿರದ ಎಂಟುನೂರು ಸುತ್ತು, ಮೂರು ದಿನ. ಲೆಕ್ಕ ತಪ್ಪದಿರಲಿ ಎಂದು ನೂರಕ್ಕೊಂದು ಬೆಂಕಿಕಡ್ಡಿಯನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದೆ. ಇಪ್ಪತ್ತೆಂಟನೆಯ ಕಡ್ಡಿ ಇಟ್ಟಾಗ ನನ್ನ ಕತ್ತು ಯಾವ ಕಡೆಗೂ ಹೊರಳುತ್ತಿರಲಿಲ್ಲ. ಅದರ ಮೇಲೆ ದಪ್ಪ ತಂತಿಯದು ಸ್ವಲ್ಪವೇ ಸುತ್ತು ಇರುತ್ತದೆ. ಅದನ್ನು ಅಪ್ಪ, ಯಂತ್ರವನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡು, ತಾವೇ ಸುತ್ತಿದರು.

ಜೋಡಿಸಿ ಕರೆಂಟ್ ಕೊಟ್ಟರೆ ಆಂಪ್ಲಿಫೈಯರ್ ಕಿರುಚಿತು. ಅಂಥಿಂಥ ಕಿರುಚಾಟವಲ್ಲ, ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ನನಗೆ ಅಳು ಬಂತು. ಅಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀನು ಆ ಕಡೆಯಿಂದ ಸುತ್ತಿದೀಯ, ನಾನು ಈ ಕಡೆಯಿಂದ ಸುತ್ತಿದೀನಿ. ಇನ್ನೇನಾಗುತ್ತೆ? ಸ್ಪೀಕರ್ ಕಡೆಯಿಂದ ಹಿಂದಕ್ಕೆ ಒಂದು ತೆಳು ವೈರ್ ಹೋಗುತ್ತಲ್ಲ, ಅದು ಮೊದಲನೇ ವಾಲ್ವಿಗೆ 'ಸಾಕು, ಮೆಲ್ಲಗೆ' ಅಂತ ಹೇಳಬೇಕು. ಈಗ ಅದು 'ಇನ್ನೂ ಜೋರಾಗಿ, ಇನ್ನೂ ಜೋರಾಗಿ' ಅಂತ ಹೇಳ್ತಾ ಇದೆ. ಅದಕ್ಕೇ ಈ ರಂಪ."

"ಮತ್ತೆ ಎಲ್ಲ ಬಿಚ್ಚಬೇಕಾ?"

"ಬಿಚ್ಚೋದ್ಯಾಕೆ? ನೀಲಿ ವೈರು ಹೋಗೋ ಕಡೆ ಕಂದು ಹಾಕು, ಕಂದು ಹೋಗೋ ಕಡೆ ನೀಲಿ ಹಾಕು. ಮುಗೀತು."

ಹಾಗೇ ಮಾಡಿದೆ. ಕಿರುಚುತ್ತಿದ್ದದ್ದು ಹಾಡಿತು.

ನಮ್ಮ ಅಂಗಡಿಯಲ್ಲಿ ಒಂದು ರೂಢಿ. ಏನೇ ಸುತ್ತಿದರೂ ಎಷ್ಟು ಸುತ್ತು, ಎಂಥ ತಂತಿ ಎಂದು ಒಂದು ಚೀಟಿಯಲ್ಲಿ ಬರೆದು, ಮೇಲಿನ ಖಾಕಿ ಕಾಗದದ ಒಳಗೆ ಮಡಚಿಟ್ಟು ದಾರ ಕಟ್ಟುತ್ತೇವೆ. ಮುಂದೆ ಯಾರಾದರೂ ಬಿಚ್ಚಿದರೆ ಅವರಿಗೆ ದಾರಿ ಸಿಗಲಿ ಎಂದು. ಪೆನ್ಸಿಲಿನಲ್ಲೇ ಬರೆಯಬೇಕು; ಸುತ್ತಿದ ಮೇಲೆ ಹೊಯ್ಯುವ ವಾರ್ನಿಶ್‌ನಲ್ಲಿ ಇಂಕು ಹರಡಿ ಹೋಗುತ್ತದೆ. ಆ ಚೀಟಿಯನ್ನೂ ನಾನೇ ಬರೆದೆ. ಅದರಲ್ಲಿ ನನ್ನ ಹೆಸರನ್ನೂ ಬರೆದಿದ್ದೇನೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ಭಾವ ಬಂದರು, ತೆಗೆದುಕೊಂಡು ಹೋದರು. ಮೊದಲ ವಾರ ಅವರು ಹೇಳಿದ್ದು, "ಅಂಗಡೀಲಿ ನಿಂತು ಮಾಡಿಸಿದೆ" ಎಂದು. ಮುಂದಿನ ತಿಂಗಳು "ನಾನೂ ಕೈ ಹಾಕಿದೆ" ಆಯಿತು. ವರ್ಷ ತುಂಬುವಷ್ಟರಲ್ಲಿ "ಮೂರು ದಿನ ಕೂತು ನಾನೇ ಸುತ್ತಿದೆ" ಆಗಿತ್ತು. ಹೋಗಲಿ ಎನ್ನೋಣ. ಆದರೆ ಒಂದು ದಿನ ಅವರ ಮನೆಯ ಪಡಸಾಲೆಯಲ್ಲಿ ಹತ್ತು ಜನ ಕೂತಿರುವಾಗ, "ನೂರು ಸುತ್ತಿಗೊಂದು ಬೆಂಕಿಕಡ್ಡಿ ಇಡ್ತಾ ಇದ್ದೆ ನೋಡಿ, ಲೆಕ್ಕ ತಪ್ಪಬಾರದಲ್ಲ," ಎಂದುಬಿಟ್ಟರು. ನನ್ನ ಬೆಂಕಿಕಡ್ಡಿ! ಒಳಗೆ ಅಡುಗೆಮನೆಯಲ್ಲಿ ಅಕ್ಕನ ಎದುರು ನಾನು ಕೆಂಡವಾದೆ.

"ಹೋಗ್ಲಿ ಬಿಡೇ," ಎಂದಳು ಅಕ್ಕ. "ಅವರಿಗೆ ಅದರಿಂದ ಒಂದು ಖುಷಿ. ನಿನ್ನ ಗಂಟೇನು ಹೋಗುತ್ತೆ?"

ಅಪ್ಪ ಕೂಡ ಅಷ್ಟೇ. "ಅಳಿಯಂದಿರಲ್ವಾ," ಎಂದರು. ಅಳಿಯ ಎಂಬ ಮೂರಕ್ಷರಕ್ಕೆ ನಮ್ಮ ಮನೆಯಲ್ಲಿ ಎಂಥ ಸುಳ್ಳನ್ನೂ ನುಂಗಿ ನೀರು ಕುಡಿಯುವ ತಾಕತ್ತಿತ್ತು. ಅಕ್ಕನಂತೂ ಅಂದಿನಿಂದ ಇಂದಿನವರೆಗೆ ಗಂಡನ ಮಾತಿಗೆ "ಅವರಿಗೆ ಗೊತ್ತು" ಎನ್ನುವ ಒಂದೇ ಉತ್ತರ ಇಟ್ಟುಕೊಂಡು ಸಂಸಾರ ಮಾಡಿದವಳು. ಅವಳನ್ನು ನಾನು ಎಷ್ಟು ಪ್ರೀತಿಸುತ್ತೇನೋ ಅಷ್ಟೇ ಬೈದುಕೊಂಡಿದ್ದೇನೆ.

ಈಗಿನ ಮಾತಿಗೆ ಬರುತ್ತೇನೆ. ಊರಿನಲ್ಲಿ ಹಳೇ ರೇಡಿಯೊ ಪ್ರೇಮಿಗಳ ಸಂಘ ಎಂದೊಂದು ಇದೆ. ಅಧ್ಯಕ್ಷರು ಹಲ್ಲಿನ ಡಾಕ್ಟರು, ಕಾರ್ಯದರ್ಶಿ ಒಬ್ಬ ವಕೀಲರು, ಮೂರನೆಯ ಸ್ತಂಭ ನಮ್ಮ ಭಾವ. ಇವರು ರೇಡಿಯೊ ಕೇಳುವವರಲ್ಲ, ರೇಡಿಯೊ ಒರೆಸುವವರು. ಮರದ ಪೆಟ್ಟಿಗೆಗೆ ಪಾಲಿಶ್, ಹಿತ್ತಾಳೆಯ ಗುಂಡಿಗೆ ಹುಣಸೆಹಣ್ಣು, ಒಳಗಿನದು ಸತ್ತಿದ್ದರೂ ಮುಖದ ಗಾಜಿನ ಹಿಂದೆ ಒಂದು ಬಲ್ಬು. "ಆ ಕಾಲದ ಸೌಂಡೇ ಬೆಚ್ಚಗೆ," ಎಂದು ಒಬ್ಬರು ಹೇಳುವುದು, "ಬೆಚ್ಚಗೆ, ಬೆಚ್ಚಗೆ," ಎಂದು ಉಳಿದವರು ತಲೆದೂಗುವುದು. ವಾಲ್ವಿನ ಮೇಲೆ ಕೈ ಇಟ್ಟು ನೋಡಿದ್ದರೆ ಬೆಚ್ಚಗೋ ಬಿಸಿಯೋ ಗೊತ್ತಾಗುತ್ತಿತ್ತು.

ಊರಿನ ಗ್ರಂಥಾಲಯದವರು ಸಭಾಂಗಣದ ಮೂಲೆಯಲ್ಲಿ ಇವರಿಗೊಂದು ಗಾಜಿನ ಬೀರು ಕೊಟ್ಟರು. ಒಂದು ಹಳೆಯ ರೇಡಿಯೊ ಶಾಶ್ವತವಾಗಿ ಅಲ್ಲಿರಬೇಕು, ಹಾಡಬೇಕು, ಪಕ್ಕದಲ್ಲಿ ಅದಕ್ಕೆ ಮರುಜೀವ ಕೊಟ್ಟವರ ಹೆಸರಿನ ಫಲಕವಿರಬೇಕು. ಭಾವನ ರೇಡಿಯೊ ಆಯ್ಕೆಯಾಯಿತು. ಬಣ್ಣ ಹೋದ ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತೇನೆಂದು ಹೊರಟ ಭಾವ ನನ್ನ ಅಂಗಡಿಗೆ ಬಂದರು.

"ಏನಮ್ಮ ಎಡಚಿ, ಬಟ್ಟೆ ಹೊದಿಕೆ ಇರೋ ವೈರ್ ಬೇಕು. ಕಂದು, ನೀಲಿ, ಕೆಂಪು. ಹಳೇ ಕಾಲದ್ದೇ ಆಗಬೇಕು."

"ಬಟ್ಟೆ ಹೊದಿಕೆ ಯಾಕೆ ಭಾವ? ಒಳಗಿರೋ ವೈರನ್ನ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ!"

"ಹಳೇ ಕಂಡೆನ್ಸರ್‌ಗಳನ್ನ ಬದಲಾಯಿಸಿದ್ರಾ?"

"ಅದೆಲ್ಲ ನಂಗೆ ಬಿಡು. ನೀನು ಮೋಟಾರು ಸುತ್ತು." ಸ್ಟೂಲಿನ ಮೇಲೆ ಕೂತು, ನನ್ನ ಅಂಗಡಿಯನ್ನು ತಪಾಸಣೆಗೆ ಬಂದ ಅಧಿಕಾರಿಯಂತೆ ಒಂದು ಸುತ್ತು ನೋಡಿದರು. "ಕೊನೇ ಆರು ಬೆಸುಗೆ ಹಾಗೇ ಉಳಿಸ್ಕೊಂಡಿದೀನಿ. ಭಾನುವಾರ ಹನ್ನೊಂದು ಗಂಟೆಗೆ, ಎಲ್ಲರೆದುರು ಹಾಕೋದು. ರಿಬ್ಬನ್ ಕತ್ತರಿಸೋ ಬದಲು ಬೆಸುಗೆ. ಹೇಗಿದೆ ಐಡಿಯಾ?"

"ಮೊದಲು ಮನೇಲಿ ಒಂದ್ಸಲ ಹಾಕಿ ನೋಡಿ ಭಾವ."

"ನೋಡೋದೇನಿದೆ? ಎಲ್ಲ ನಕ್ಷೆ ಪ್ರಕಾರ ಮಾಡಿದೀನಿ." ನಾಲ್ಕನೆಯ ಜೇಬಿನಿಂದ, ಯಾವ ಬಣ್ಣದ ವೈರು ಎಲ್ಲಿಗೆ ಎಂದು ತೋರಿಸುವ ಮಡಚಿದ ನಕ್ಷೆಯೊಂದನ್ನು ತೆಗೆದು ತೋರಿಸಿದರು. ಒಂದು ಜೇಬಿಗಾದರೂ ಕೆಲಸ ಸಿಕ್ಕಿತಲ್ಲ ಎಂದುಕೊಂಡೆ. "ನೀನೂ ಬಾ ಭಾನುವಾರ. ಒಂದು ಎಕ್ಸ್‌ಟ್ರಾ ಐರನ್ ತಗೊಂಡು ಬಾ. ಕೈಗೆ ಏನಾದ್ರೂ ಬೇಕಾದ್ರೆ ಕೊಡೋಕೆ ಒಬ್ಬರು ಇರ್ಲಿ."

ಫಲಕದ ಮೇಲೆ ಯಾರ ಹೆಸರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳುವುದೇನಿದೆ? ಗಾಜಿನ ಬೀರುವಿನಲ್ಲಿ ನನ್ನ ಇಪ್ಪತ್ತೆಂಟು ಬೆಂಕಿಕಡ್ಡಿ ಅವರ ಹೆಸರಿನಲ್ಲಿ ಶಾಶ್ವತವಾಗಿ ನಿಲ್ಲಲಿದ್ದವು.

ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ನಲವತ್ತು ಕುರ್ಚಿ, ಮೂವತ್ತು ಜನ. ಮೇಜಿನ ಮೇಲೆ ಆಂಪ್ಲಿಫೈಯರ್ ಮಗುಚಿ ಮಲಗಿತ್ತು, ಹೊಟ್ಟೆ ಮೇಲಾಗಿ. ಭಾವ ಹಣೆಗೆ ದೀಪ ಕಟ್ಟಿಕೊಂಡಿದ್ದರು, ಮಟಮಟ ಬಿಸಿಲಿನ ಹೊತ್ತಿನಲ್ಲಿ. ಅಕ್ಕ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಫ್ಲಾಸ್ಕು. ನಾನು ಮೇಜಿನ ಪಕ್ಕದಲ್ಲಿ, ಕೈಯಲ್ಲಿ ಎಕ್ಸ್‌ಟ್ರಾ ಐರನ್.

ಮೊದಲ ನಾಲ್ಕು ಬೆಸುಗೆಗೆ ನಾಲ್ಕು ಭಾಷಣವಾಯಿತು. ಬೆಸುಗೆಗಳೋ, ಹಕ್ಕಿಯ ಹಿಕ್ಕೆಯ ಹಾಗೆ ಗಂಟುಗಂಟಾಗಿದ್ದವು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಉಳಿದದ್ದು ಎರಡು, ಟ್ರಾನ್ಸ್‌ಫಾರ್ಮರಿನ ನೀಲಿ ಮತ್ತು ಕಂದು ವೈರು. ಅವೆರಡು ಹಳೆಯ ಜಾಗದಲ್ಲೇ, ಮೂವತ್ತೊಂದು ವರ್ಷದ ಹಿಂದೆ ನಾನು ಹಾಕಿದ ಬೆಸುಗೆಯಲ್ಲೇ ಇದ್ದವು. ಭಾವ ನಕ್ಷೆ ನೋಡಿದರು. ವೈರು ನೋಡಿದರು. ಮತ್ತೆ ನಕ್ಷೆ ನೋಡಿದರು. ಲೊಚಗುಟ್ಟಿದರು.

ಬರುತ್ತದೆ, ಬಂದೇ ಬಿಟ್ಟಿತು ಎಂದುಕೊಂಡೆ. ಬಂತು.

"ನೋಡಿ, ಎಲ್ಲರೂ ಬಂದು ನೋಡಿ ಇಲ್ಲಿ! ನೀಲಿ ಇರಬೇಕಾದ ಕಡೆ ಕಂದು, ಕಂದು ಇರಬೇಕಾದ ಕಡೆ ನೀಲಿ. ಅಲ್ಲ, ಬಣ್ಣ ಕೂಡ ಗೊತ್ತಾಗದ ಯಾವ ಕತ್ತೆ ಕೈ ಹಾಕಿದ್ದು ಇದಕ್ಕೆ?"

ಜನ ನಕ್ಕರು. ಹಲ್ಲಿನ ಡಾಕ್ಟರು ನಗಲಿಲ್ಲ. ಅವರದು ಬಾಯಿಯೊಳಗಿನದನ್ನು ನೆನಪಿಟ್ಟುಕೊಳ್ಳುವ ವೃತ್ತಿ.

"ಸಾರ್, ಹಿಂದೊಮ್ಮೆ ಇದನ್ನ ನೀವೇ ಸುತ್ತಿ ರಿಪೇರಿ ಮಾಡಿದ್ದು ಅಂದಿದ್ರಿ. ಮೂರು ದಿನ ಕೂತು. ಬೆಂಕಿಕಡ್ಡಿ ಇಟ್ಕೊಂಡು."

ಭಾವನ ಮುಖ ನೋಡಬೇಕಿತ್ತು ನೀವು. ಅವರ ಎದುರು ಈಗ ಎರಡೇ ದಾರಿ. ಸುತ್ತಿದ್ದು ನಾನಲ್ಲ, ನನ್ನ ನಾದಿನಿ ಎನ್ನಬೇಕು. ಇಲ್ಲವೇ ಆ ಕತ್ತೆ ನಾನೇ ಎನ್ನಬೇಕು. ಈಗ ಹೇಳಿಯಾರು, ಎಂದುಕೊಂಡೆ. ಸಿಕ್ಕಿಹಾಕಿಕೊಂಡ ಮೇಲಾದರೂ ಮನುಷ್ಯನ ಬಾಯಿಂದ ನಿಜ ಉದುರಬೇಕಲ್ಲ.

"ಹೌದು," ಎಂದರು ಭಾವ, ದೊಡ್ಡ ಮನಸ್ಸು ಮಾಡಿದವರಂತೆ ನಕ್ಕು. "ಆ ಕತ್ತೆ ನಾನೇ! ಆಗ ಹುಡುಗುತನ, ಅನುಭವ ಇರಲಿಲ್ಲ. ಮನುಷ್ಯ ತನ್ನ ತಪ್ಪನ್ನ ತಾನೇ ತಿದ್ಕೋಬೇಕು. ಈಗ ತಿದ್ದುತೀನಿ ನೋಡಿ."

ಚಪ್ಪಾಳೆ! ಮೂವತ್ತು ಜನ ಚಪ್ಪಾಳೆ ತಟ್ಟಿದರು. ನನ್ನ ಹೆಸರು ಹೇಳುವುದಕ್ಕಿಂತ ತಾನು ಕತ್ತೆಯಾಗುವುದೇ ಮೇಲು ಎಂದು ಒಬ್ಬ ಮನುಷ್ಯ ನಿರ್ಧರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಹೊಟ್ಟೆ ಉರಿಯುವ ಬದಲು ತಣ್ಣಗಾಯಿತು. ಹೇಸಿಗೆ ಅಷ್ಟು ಪೂರ್ತಿಯಾದಾಗ ಹಾಗಾಗುತ್ತದೋ ಏನೋ. ತಿದ್ದಲಿ, ಎಂದುಕೊಂಡೆ.

ಅವರು ನನ್ನೆರಡು ಬೆಸುಗೆಗಳನ್ನೂ ಕರಗಿಸಿದರು. ಮೂವತ್ತೊಂದು ವರ್ಷ ಹಿಡಿದುಕೊಂಡಿದ್ದವು ಪಾಪ, ಕನ್ನಡಿಯಂತೆ ಹೊಳೆಯುತ್ತಿದ್ದವು. ನೀಲಿಯನ್ನು ನಕ್ಷೆಯ ನೀಲಿಗೆ, ಕಂದನ್ನು ನಕ್ಷೆಯ ಕಂದಿಗೆ ಬೆಸೆದರು. ಪೆಟ್ಟಿಗೆಯನ್ನು ನೆಟ್ಟಗೆ ಕೂರಿಸಿ, ರೇಡಿಯೊಗೂ ಸ್ಪೀಕರಿಗೂ ಜೋಡಿಸಿ, ಗುಂಡಿ ತಿರುಗಿಸಿದರು. ವಾಲ್ವು ಕೆಂಪಾಗಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲೂ ಭಾವ, "ಆ ಕಾಲದ ಸೌಂಡು ಹೇಗೆ ಅಂದ್ರೆ..." ಎಂದು ಶುರು ಮಾಡಿದರು.

ಹೇಗೆ ಎಂದು ಆಂಪ್ಲಿಫೈಯರೇ ಹೇಳಿತು. ಬಾಲ ತುಳಿಸಿಕೊಂಡ ನೂರು ಬೆಕ್ಕುಗಳ ಕಿರುಚಾಟ. ಮೊದಲ ಸಾಲಿನವರು ಕಿವಿ ಮುಚ್ಚಿಕೊಂಡರು, ವಕೀಲರು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು, ಪಕ್ಕದ ಓದುವ ಕೋಣೆಯಿಂದ ಯಾರೋ, "ಏನ್ರೀ ಅದು? ಇದೇನು ಗ್ರಂಥಾಲಯಾನಾ?" ಎಂದು ಕೂಗಿದರು. ಭಾವ ವಾಲ್ಯೂಮ್ ಇಳಿಸಿದರು. ಅದಕ್ಕೆ ವಾಲ್ಯೂಮ್ ಲೆಕ್ಕವೇ ಇಲ್ಲ, ಅದು ತನ್ನ ಪಾಡಿಗೆ ತಾನು ಕಿರುಚುತ್ತಿತ್ತು. ಗುಂಡಿ ಆರಿಸಿದರು.

ಆಮೇಲೆ ಶುರುವಾಯಿತು ತಪಾಸಣೆ. ಗ್ರಂಥಾಲಯದ ಪ್ಲಗ್ ಸರಿ ಇಲ್ಲ ಎಂದರು; ಬೇರೆ ಪ್ಲಗ್ಗಿಗೆ ಹಾಕಿದರೂ ಬೆಕ್ಕು. ವಾಲ್ವು ಬದಲಿಸಿದರು, ಬೆಕ್ಕು. ಸ್ಪೀಕರ್ ಎಂದರು, ಬೆಕ್ಕು. ವಕೀಲರು ರೇಡಿಯೊಗೆ ತೇವ ತಗುಲಿದೆಯೇನೋ ಎಂದರು. ಇನ್ನೊಬ್ಬ ಪ್ರೇಮಿ, ಪಾಲಿಶ್ ಕಾರಣ ಇರಬಹುದು ಎಂದ. ನಾನು ಐರನ್ ಹಿಡಿದು ನಿಂತೇ ಇದ್ದೆ. ಸುಳ್ಳೇಕೆ ಹೇಳಲಿ, ಅಷ್ಟು ಒಳ್ಳೆಯ ಕಾರ್ಯಕ್ರಮ ನಾನು ಬಹಳ ದಿನದಿಂದ ನೋಡಿರಲಿಲ್ಲ.

ಅಕ್ಕ ಎದ್ದು ನನ್ನ ಪಕ್ಕಕ್ಕೆ ಬಂದಳು. "ಏನಾಗಿದೆಯೇ ಅದಕ್ಕೆ?" ಎಂದಳು ಪಿಸುಮಾತಿನಲ್ಲಿ.

"ನಂಗೇನು ಗೊತ್ತು? ನಾನು ಮೋಟಾರು ಸುತ್ತೋಳು."

"ಆಟ ಆಡ್ಬೇಡ ಕಣೇ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಅವರಿಗೆ ಗೊತ್ತಲ್ವಾ?"

ಅಕ್ಕ ನನ್ನನ್ನು ಒಂದು ನೋಟ ನೋಡಿದಳು. ಅವಳ ಮಾತನ್ನೇ ಅವಳಿಗೆ ವಾಪಸ್ ಕೊಟ್ಟಿದ್ದೆ, ಚುಚ್ಚಿತು. ಅಲ್ಲೇ ನಿಂತಳು.

ಅಷ್ಟರಲ್ಲಿ ಭಾವನಿಗೆ ಕಾರಣ ಸಿಕ್ಕಿತ್ತು. ಆಂಪ್ಲಿಫೈಯರನ್ನು ಮತ್ತೆ ಮಗುಚಿ ಹಾಕಿ, ಬೆರಳು ತೋರಿಸಿ, "ಈ ಟ್ರಾನ್ಸ್‌ಫಾರ್ಮರೇ ದರಿದ್ರ," ಎಂದರು. "ನಾನು ಸುತ್ತಿದ್ದೇನೋ ಸರಿಯಾಗೇ ಸುತ್ತಿದ್ದೆ. ಸಾಮಾನು ಮಾವನ ಅಂಗಡಿದು ನೋಡಿ, ಕಳಪೆ ತಂತಿ. ಕತ್ತರಿಸಿ ಎಸೆದುಬಿಡ್ತೀನಿ. ವಿದೇಶದಿಂದ ಒಂದು ತರಿಸೋಣ."

ಕಟರ್ ಕೈಗೆತ್ತಿಕೊಂಡು ಬಗ್ಗಿದರು. ಅಪ್ಪನ ಅಂಗಡಿ, ಕಳಪೆ ತಂತಿ. ಆ ಕಟರ್ ಎರಡು ಸಲ ಚಕ್ ಎಂದರೆ ನನ್ನ ಎರಡು ಸಾವಿರದ ಎಂಟುನೂರು ಸುತ್ತು ಕಸದ ಬುಟ್ಟಿಗೆ, ಒಳಗಿನ ಚೀಟಿಯೂ ಅದರ ಜೊತೆಗೆ. ಇನ್ನೊಂದು ಸಂಗತಿಯೂ ಇತ್ತು. ಆರಿಸಿದ ತಕ್ಷಣ ಆಂಪ್ಲಿಫೈಯರಿನ ಕರೆಂಟ್ ಸಾಯುವುದಿಲ್ಲ, ದೊಡ್ಡ ಕಂಡೆನ್ಸರಿನಲ್ಲಿ ಹೊಂಚು ಹಾಕಿಕೊಂಡು ಕೂತಿರುತ್ತದೆ. ಭಾವನ ಇನ್ನೊಂದು ಕೈ ಬರಿಗೈ, ತಗಡಿನ ಮೇಲಿತ್ತು. ಒಂದು ಕ್ಷಣ ಸುಮ್ಮನಿದ್ದೆ. ಒಂದೇ ಕ್ಷಣ, ಆದರೆ ಇದ್ದೆ.

"ಕೈ ತೆಗೀರಿ ಭಾವ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಭಾವ ಬೆಚ್ಚಿ ಹಿಂದೆ ಸರಿದರು.

"ಒಳಗೆ ಇನ್ನೂ ಮುನ್ನೂರು ವೋಲ್ಟ್ ಇದೆ. ಕಟರ್ ಹಾಕಿದ್ರೆ ನಿಮ್ಮನ್ನ ಗೋಡೆಗೆ ಎಸೆಯುತ್ತೆ. ಇಳಿಸೋದು ಹೇಗೆ ಅಂತ ಆ ನಕ್ಷೇಲಿ ಬರೆದಿರಲ್ಲ."

ಚೀಲದಿಂದ ರೆಸಿಸ್ಟರ್ ಕಟ್ಟಿದ ವೈರು ತೆಗೆದು, ಕಂಡೆನ್ಸರಿಗೆ ಹಿಡಿದು, ಇದ್ದಬದ್ದ ಕರೆಂಟನ್ನೆಲ್ಲ ಇಳಿಸಿದೆ. ಆಮೇಲೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಟ್ರಾನ್ಸ್‌ಫಾರ್ಮರಿಗೆ ಸುತ್ತಿದ್ದ ದಾರ ಬಿಚ್ಚಿದೆ. ನಾನೇ ಹಾಕಿದ ಗಂಟು. ಖಾಕಿ ಕಾಗದ ವಾರ್ನಿಶ್ ಕುಡಿದು ಹಪ್ಪಳವಾಗಿತ್ತು. ಅಂಚಿನಲ್ಲಿ ಉಗುರು ತೂರಿಸಿ, ಚೀಟಿಯನ್ನು ಎಳೆದು ತೆಗೆದೆ.

"ಏನದು?" ಎಂದರು ಹಲ್ಲಿನ ಡಾಕ್ಟರು.

"ಸುತ್ತಿದೋರು ಬರೆದಿಟ್ಟಿದ್ದು. ಭಾವನೇ ತಾನೇ ಸುತ್ತಿದ್ದು? ಅವರೇ ಓದ್ಲಿ."

ಭಾವ ಚೀಟಿ ತೆಗೆದುಕೊಳ್ಳಲಿಲ್ಲ. "ಕನ್ನಡಕ..." ಎಂದರು, ಕನ್ನಡಕ ಮೂಗಿನ ಮೇಲಿತ್ತು. ನಾನು ಚೀಟಿ ಬಿಡಿಸಿದೆ. ಪೆನ್ಸಿಲಿನ ಅಕ್ಷರ ನಿನ್ನೆ ಬರೆದಂತಿತ್ತು. ಸುತ್ತಿನ ಲೆಕ್ಕ, ತಂತಿಯ ನಂಬರು, ಕೆಳಗೆ ಒಂದು ಸಾಲು. ಹೆಸರು? ಎಲ್ಲಿದೆ ಹೆಸರು? ತಿರುಗಿಸಿ ನೋಡಿದೆ. ಹಿಂದೆ ಖಾಲಿ. ಇಪ್ಪತ್ತು ವರ್ಷದ ಆ ಹುಡುಗಿ ತನ್ನ ಹೆಸರು ಬರೆದಿರಲಿಲ್ಲ. ಬರೆಯಬಹುದು ಎಂದೇ ಅವಳಿಗೆ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷ ಇದೊಂದನ್ನು ನಂಬಿಕೊಂಡಿದ್ದೆನಲ್ಲ, ಭಾವನ ಮೇಲಿದ್ದ ತಿರಸ್ಕಾರವೆಲ್ಲ ಒಮ್ಮೆಲೇ ನನ್ನ ಕಡೆಗೇ ತಿರುಗಿತು.

ಕೈಯಿಂದ ಚೀಟಿ ಯಾರೋ ತೆಗೆದುಕೊಂಡರು. ಅಕ್ಕ. ಫ್ಲಾಸ್ಕನ್ನು ಮೇಜಿನ ಮೇಲೆ ಇಟ್ಟು, ಚೀಟಿಯನ್ನು ದೂರ ಹಿಡಿದು, ಶಾಲೆಯಲ್ಲಿ ಪಾಠ ಓದುವವಳಂತೆ ಗಟ್ಟಿಯಾಗಿ ಓದಿದಳು.

"ಎರಡು ಸಾವಿರದ ಎಂಟುನೂರು ಸುತ್ತು. ಸಣ್ಣ ತಂತಿ ಎಡಗೈ ಸುತ್ತು. ನೀಲಿ, ಕಂದು ಅದಲು ಬದಲು ಹಾಕಬೇಕು, ಇಲ್ಲದಿದ್ದರೆ ಕಿರುಚುತ್ತದೆ."

ಭಾವ ಬಲಗೈಯಲ್ಲಿ ಹಿಡಿದಿದ್ದ ಕಟರನ್ನು ಮೆಲ್ಲಗೆ ಎಡಗೈಗೆ ದಾಟಿಸಿದ್ದನ್ನು ನಾನು ನೋಡಿದೆ. ದೇವರಾಣೆಗೂ ನೋಡಿದೆ.

"ಇವರು ಬಲಗೈಯೋರು," ಎಂದಳು ಅಕ್ಕ, ಸಭೆಯ ಕಡೆ ತಿರುಗಿ. "ಎಡಗೈಯಲ್ಲಿ ಒಂದು ಲೋಟ ನೀರು ಕೂಡ ಎತ್ತಲ್ಲ. ನಮ್ಮನೇಲಿ ಎಡಚಿ ಅಂತ ಇದ್ದಿದ್ದು ಒಬ್ಬಳೇ. ಇದನ್ನ ಸುತ್ತಿದ್ದು ನನ್ನ ತಂಗಿ. ಮೂರು ದಿನ ಅವಳಿಗೆ ಊಟ ಬಡಿಸಿದ್ದು ನಾನು, ತವರಿಗೆ ಬಂದಿದ್ದೆ ಆಗ. ಬೆಂಕಿಕಡ್ಡಿನೂ ಅವಳದೇ."

"ಏ, ಸುಮ್ನಿರೇ," ಎಂದರು ಭಾವ.

"ಇಷ್ಟು ವರ್ಷ ಇದ್ದೆನಲ್ಲ ರೀ," ಎಂದಳು ಅಕ್ಕ. "ನೀವು ಸುತ್ತಿದ್ದು ಅಂತ ಹೇಳ್ಕೊಂಡಾಗ ಸುಮ್ನಿದ್ದೆ. ಈಗ ಅದು ಕತ್ತೆ ಕೆಲಸ ಅಂದ್ರಿ. ನನ್ನ ತಂಗಿ ಕತ್ತೆಯಲ್ಲ. ನಮ್ಮಪ್ಪನ ತಂತಿ ಕಳಪೆನೂ ಅಲ್ಲ."

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಿಳಿಯದಾಗ ಕೆಲಸ ಮಾಡುವುದು ನನ್ನ ಅಭ್ಯಾಸ. ಪೆಟ್ಟಿಗೆ ಮಗುಚಿ, ಭಾವನ ಎರಡು ಹಿಕ್ಕೆಗಳನ್ನು ಕರಗಿಸಿ, ಎಡಗೈಯಲ್ಲಿ ಐರನ್ ಹಿಡಿದು, ಎಲ್ಲರೂ ನೋಡುತ್ತಿರುವಂತೆ ನೀಲಿಯ ಜಾಗಕ್ಕೆ ಕಂದು, ಕಂದಿನ ಜಾಗಕ್ಕೆ ನೀಲಿ ಬೆಸೆದೆ. ಎರಡು ನಿಮಿಷ. ನೆಟ್ಟಗೆ ಕೂರಿಸಿ ಗುಂಡಿ ತಿರುಗಿಸಿದೆ. ಅರ್ಧ ನಿಮಿಷದಲ್ಲಿ ವಾಲ್ವುಗಳು ಕೆಂಪಾದವು.

ಒಬ್ಬ ಗಂಡಸಿನ ದನಿ, ನಮ್ಮ ಮಧ್ಯೆಯೇ ಕುರ್ಚಿ ಹಾಕಿಕೊಂಡು ಕೂತಂತೆ, ಒಸಡಿನಲ್ಲಿ ರಕ್ತ ಬಂದರೆ ಏನು ಮಾಡಬೇಕು ಎಂದು ಹೇಳುತ್ತಿತ್ತು. ಆರೋಗ್ಯದ ಕಾರ್ಯಕ್ರಮ. ದನಿಯ ಹಿಂದೆ ಕಾಗದ ಮಗುಚಿದ ಸದ್ದೂ ಕೇಳಿಸಿತು. ಹಲ್ಲಿನ ಡಾಕ್ಟರು ಎರಡು ವಾಕ್ಯ ಕೇಳಿ, "ತಪ್ಪು ಹೇಳ್ತಿದಾನೆ, ಪೂರ್ತಿ ತಪ್ಪು!" ಎಂದು ಎದ್ದು ನಿಂತರು. ಸಂಘದ ಚರಿತ್ರೆಯಲ್ಲಿ ಒಬ್ಬ ಸದಸ್ಯ ರೇಡಿಯೊ ಹೇಳಿದ್ದನ್ನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲಿರಬೇಕು.

ವಕೀಲರು ಫಲಕದ ಕಾಗದ ಹಿಡಿದು ಬಂದರು. "ಈಗ ಇಲ್ಲಿ ಏನು ಬರೆಯೋಣ?"

"ಕು... ಕುಟುಂಬದ ಶ್ರಮ ಅಂತ ಹಾಕಿ," ಎಂದರು ಭಾವ.

"ಕುಟುಂಬದಲ್ಲಿ ನಾನೂ ಇದೀನಿ," ಎಂದಳು ಅಕ್ಕ. "ನಾನೇನು ಮಾಡಿದೀನಿ? ಟೀ ತಂದಿದೀನಿ. ಸುತ್ತಿದ್ದು ಅವಳು ಅಂತ ಬರೀರಿ. ವೈರ್ ಹಾಕಿದ್ದು ಇವರು ಅಂತ ಬೇಕಾದ್ರೆ ಕೆಳಗೆ ಬರೀರಿ, ಸಣ್ಣದಾಗಿ."

ಹಾಗೇ ಬರೆದರು. ಈಗಲೂ ಇದೆ, ಹೋಗಿ ನೋಡಬಹುದು. ಚೀಟಿಯನ್ನು ಮತ್ತೆ ಒಳಗಿಡುವಾಗ ಪೆನ್ಸಿಲ್ ತೆಗೆದುಕೊಂಡು ನನ್ನ ಹೆಸರನ್ನೂ ಸೇರಿಸಿದೆ, ಇನಿಷಿಯಲ್ ಸಮೇತ.

ಇಷ್ಟಾದ ಮೇಲೆ ಭಾವ ತಿಂಗಳುಗಟ್ಟಲೆ ಮುಖ ತೋರಿಸಲಿಕ್ಕಿಲ್ಲ ಎಂದುಕೊಂಡಿದ್ದೆ. ನಾನೇ ಪೆದ್ದಿ. ಮೂರನೆಯ ವಾರ ಅವರ ಮನೆಗೆ ಹೋದರೆ ಪಡಸಾಲೆಯಲ್ಲಿ ಆಗಲೇ ನಾಲ್ಕು ಜನ ಕೂತಿದ್ದರು, ಭಾವ ಹನ್ನೊಂದು ಜೇಬಿನ ಅಂಗಿಯಲ್ಲಿ, ಎದುರಿಗೊಂದು ನೀರಿನ ಲೋಟ ಇಟ್ಟುಕೊಂಡು ಕತೆ ಹೇಳುತ್ತಿದ್ದರು.

"ನಂಗೆ ಗೊತ್ತಿಲ್ದೆ ಏನು? ಬೇಕು ಅಂತಲೇ ಉಲ್ಟಾ ಹಾಕಿದೆ. ಅದು ಕಿರುಚಬೇಕು, ಚೀಟಿ ಹೊರಗೆ ಬರಬೇಕು, ನಾದಿನಿ ಕೆಲಸ ನಾಲ್ಕು ಜನಕ್ಕೆ ಗೊತ್ತಾಗಬೇಕು. ಅವಳು ಪಾಪ, ತಾನಾಗಿ ಹೇಳ್ಕೊಳ್ಳೋ ಪೈಕಿ ಅಲ್ಲ. ನಾನೇ ಒಂದು ಉಪಾಯ ಮಾಡ್ಬೇಕಾಯ್ತು."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನ ಕಡೆ ನೋಡಿದಳು. "ಅವರಿಗೆ ಗೊತ್ತು" ಎನ್ನುತ್ತಾಳೆ ಎಂದುಕೊಂಡೆ.

"ರೀ," ಎಂದಳು ಅಲ್ಲಿಂದಲೇ, "ಆ ಲೋಟ ಎಡಗೈಯಲ್ಲಿ ಎತ್ತಿ ನೋಡೋಣ."